4,218ರಲ್ಲಿ ಉಳಿಯುವ ಎರಡು

ಜಾರ್ಜ್ ನ್ಯೂಪೋರ್ಟ್ ಎಂಬ ಇಂಗ್ಲಿಷ್ ಕೀಟತಜ್ಞರು 1840ರ ದಶಕದಲ್ಲಿ, ಮೆಲೋಯ್ ಜಾತಿಯ ಒಂದು ಹೆಣ್ಣು ದುಂಬಿ ಒಂದೇ ಬಾರಿಗೆ ಇಟ್ಟ ಮೊಟ್ಟೆಗಳನ್ನು ಎಣಿಸಿದರು. 4,218 ಇದ್ದವು. ಅದೂ ಮೊದಲ ಕಂತಿನ ಲೆಕ್ಕ. ಅದೇ ದುಂಬಿ ಆಮೇಲೆ ಇನ್ನೂ ಎರಡು ಮೂರು ಸಲ ಮಣ್ಣು ಕೆದರಿ ಮೊಟ್ಟೆ ಇಡುತ್ತದೆ.

ಈ ಸಂಖ್ಯೆಯನ್ನು ಸ್ವಲ್ಪ ತಿರುಗಿಸಿ ನೋಡಿ. ಈ ವರ್ಷ ಒಂದು ಜೋಡಿ ದುಂಬಿ ಇದೆ, ಮುಂದಿನ ವರ್ಷವೂ ಒಂದೇ ಜೋಡಿ ಇರುತ್ತದೆ ಎಂದುಕೊಳ್ಳೋಣ. ಆಗ ಆ ಮೊದಲ ಕಂತನ್ನಷ್ಟೇ ಹಿಡಿದರೂ 4,218ರಲ್ಲಿ ಎರಡು ಮಾತ್ರ ಬದುಕಿ ಬೆಳೆದಿರಬೇಕು, 4,216 ಸತ್ತಿರಬೇಕು. ನೂರಕ್ಕೆ 99.95 ಸಾವು. ಒಂದು ಜೀವಿ ಇಷ್ಟು ಮೊಟ್ಟೆ ಇಡುತ್ತದೆ ಎಂದರೆ ಅದರ ಮರಿಗಳು ಹಾಯಬೇಕಾದ ದಾರಿ ಅಷ್ಟು ಕಠಿಣ ಎಂದೇ ಅರ್ಥ. ಆ ದಾರಿ ಎಂಥದ್ದು ಎಂದು ತಿಳಿದಾಗ ನನಗಂತೂ 4,218 ಕೂಡ ಕಡಿಮೆಯಾಯಿತೇನೋ ಅನ್ನಿಸಿತು.

ಮೆಲೋಯ್ ನಮ್ಮ ಹೊಲಗಳಲ್ಲಿ ದಿನವೂ ಕಾಣುವ ಹುಳುವಲ್ಲ. ಆದರೆ ಅದರ ದಾಯಾದಿಯನ್ನು ನಮ್ಮ ರೈತರೆಲ್ಲ ನೋಡಿದ್ದಾರೆ. ಮುಂಗಾರು ಹದಗೊಂಡು ಹೆಸರು, ಅಲಸಂದೆ, ಬೆಂಡೆ, ತೊಗರಿ ಹೂ ಬಿಡುವ ಹೊತ್ತಿಗೆ, ಹೂವಿನ ಮೇಲೆ ಕಪ್ಪು ಮೈಯ, ಕಿತ್ತಳೆಗೆಂಪು ಪಟ್ಟೆಗಳ, ಸುಮಾರು ಒಂದಂಗುಲ ಉದ್ದದ ದುಂಬಿ ಕೂತು ದಳಗಳನ್ನು ಕತ್ತರಿಸಿ ತಿನ್ನುತ್ತಿರುತ್ತದೆ. ಮನೆಯಂಗಳದ ದಾಸವಾಳಕ್ಕೂ ಬರುತ್ತದೆ. ಕೃಷಿ ಅಧಿಕಾರಿಗಳು ಇದನ್ನು ಬ್ಲಿಸ್ಟರ್ ಬೀಟಲ್ ಎನ್ನುತ್ತಾರೆ. ಹಳೆಯ ಪುಸ್ತಕಗಳಲ್ಲಿ ಇದರ ವೈಜ್ಞಾನಿಕ ಹೆಸರು ಮೈಲ್ಯಾಬ್ರಿಸ್ ಪಸ್ಟುಲೇಟ, ಈಗಿನ ಹೆಸರು ಹೈಕ್ಲಿಯಸ್. ಇಲ್ಲಿ ಗುಳ್ಳೆ ದುಂಬಿ ಎಂದು ಕರೆಯುತ್ತೇನೆ. ಜಗತ್ತಿನಲ್ಲಿ ಈ ಕುಟುಂಬದ ಎರಡೂವರೆಯಿಂದ ಮೂರು ಸಾವಿರ ಪ್ರಭೇದಗಳಿವೆ. ಕೆಲವಕ್ಕೆ ಹಸಿರು ಲೋಹದ ಹೊಳಪು, ಕೆಲವು ಬೂದಿ ಬಣ್ಣದವು, ಕೆಲವು ಕಡುಗಪ್ಪು, ಕೆಲವಕ್ಕೆ ಹಳದಿ ಗೆರೆ.

ಬಣ್ಣ ಇಷ್ಟು ಬಗೆಯಾದಾಗ ಬಣ್ಣ ನೋಡಿ ಗುರುತಿಸಲು ಹೋಗಬಾರದು. ಕತ್ತು ನೋಡಿ. ಸಾಮಾನ್ಯ ದುಂಬಿಗಳಿಗೆ ಕತ್ತೇ ಇಲ್ಲವೇನೋ ಎಂಬಂತೆ ತಲೆ ಎದೆಯೊಳಗೆ ಹುದುಗಿರುತ್ತದೆ. ಗುಳ್ಳೆ ದುಂಬಿಯ ತಲೆ ಅಗಲ, ಅದರ ಹಿಂದೆ ಎದೆಯ ಭಾಗ ಕಿರಿದು, ಮತ್ತೆ ಅದರ ಹಿಂದೆ ರೆಕ್ಕೆಗಳ ಭಾಗ ಅಗಲ. ಮೇಲಿನಿಂದ ನೋಡಿದರೆ ಕತ್ತಿನ ಬಳಿ ದಾರ ಬಿಗಿದಂತೆ ಕಾಣುತ್ತದೆ. ಹೊರರೆಕ್ಕೆಗಳು ಗಟ್ಟಿ ಚಿಪ್ಪಿನಂತಿಲ್ಲದೆ ತೆಳು ಚರ್ಮದಂತೆ ಮೆತ್ತಗಿರುತ್ತವೆ. ಮೈ ಉದ್ದ, ಕಾಲುಗಳೂ ಉದ್ದ. ಭೂತಗನ್ನಡಿ ಇದ್ದರೆ ಇನ್ನೆರಡು ಗುರುತು ಸಿಗುತ್ತವೆ. ಮುಂದಿನ ನಾಲ್ಕು ಕಾಲುಗಳ ಪಾದದಲ್ಲಿ ಐದೈದು ಗೆಣ್ಣು, ಹಿಂದಿನ ಎರಡರಲ್ಲಿ ನಾಲ್ಕು ನಾಲ್ಕೇ. ಪ್ರತಿ ಉಗುರೂ ಎರಡಾಗಿ ಸೀಳಿರುತ್ತದೆ. ಇಷ್ಟು ಹೊಂದಿಕೊಂಡರೆ ಬಣ್ಣ ಯಾವುದೇ ಇರಲಿ, ಅದು ಗುಳ್ಳೆ ದುಂಬಿಯೇ.

ಈಗ ಮರಿಗಳ ದಾರಿಗೆ ಬರೋಣ. ಅದನ್ನು ಮೊದಲು ಪೂರ್ತಿಯಾಗಿ ಕಂಡವರು ದಕ್ಷಿಣ ಫ್ರಾನ್ಸಿನ ಝಾಂ ಆನ್ರಿ ಫಾಬ್ರ್. ಕಾರ್ಪೆಂತ್ರಾ ಊರಿನ ಬಿಸಿಲುಗೊಂಡ ಮಣ್ಣಿನ ದಿಬ್ಬಗಳಲ್ಲಿ ಆಂಥೋಫೋರಾ ಎಂಬ ಒಂಟಿ ಜೇನುಗಳು ಬಿಲ ತೋಡಿ ಗೂಡು ಮಾಡುತ್ತವೆ. ಸಿಟಾರಿಸ್ ಎಂಬ ಗುಳ್ಳೆ ದುಂಬಿ ಬೇಸಿಗೆಯ ಕೊನೆಗೆ ಆ ಬಿಲಗಳ ಬಾಯಲ್ಲಿ ಸುಮಾರು ಎರಡು ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. ಶರತ್ಕಾಲದಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿಗಳ ಉದ್ದ ಸುಮಾರು ಒಂದು ಮಿಲಿಮೀಟರ್. ಬಂದವು ಎಲ್ಲೂ ಹೋಗುವುದಿಲ್ಲ, ಏನೂ ತಿನ್ನುವುದಿಲ್ಲ. ತಮ್ಮದೇ ಮೊಟ್ಟೆಚಿಪ್ಪುಗಳ ರಾಶಿಯಲ್ಲಿ ಮುದುಡಿಕೊಂಡು ಇಡೀ ಚಳಿಗಾಲ ಕಳೆಯುತ್ತವೆ. ಆರೇಳು ತಿಂಗಳ ಉಪವಾಸ. ಒಂದು ಮಿಲಿಮೀಟರ್ ಮೈಯಲ್ಲಿ ಅಷ್ಟು ದಿನಕ್ಕಾಗುವಷ್ಟು ಬುತ್ತಿ ಹೇಗೆ ಕಟ್ಟಿಕೊಂಡವು ಎಂದು ಯೋಚಿಸಿದರೆ ತಲೆ ತಿರುಗುತ್ತದೆ.

ವಸಂತದಲ್ಲಿ ಮೊದಲು ಹೊರಬರುವುದು ಗಂಡು ಜೇನು. ಅದು ಬಿಲದ ಬಾಯಿ ದಾಟುವ ಕ್ಷಣದಲ್ಲಿ ಮರಿ ಅದರ ಎದೆಯ ರೋಮ ಹಿಡಿದುಕೊಳ್ಳಬೇಕು. ಆದರೆ ಗಂಡು ಜೇನು ಗೂಡು ಕಟ್ಟುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಅದರ ಮೈಯಲ್ಲೇ ಉಳಿದ ಮರಿಗೆ ಸಾವೇ ಗತಿ. ಆದ್ದರಿಂದ ಗಂಡು ಹೆಣ್ಣನ್ನು ಕೂಡುವಾಗ ಮರಿ ಒಂದರ ಮೈಯಿಂದ ಇನ್ನೊಂದರ ಮೈಗೆ ದಾಟಬೇಕು. ಆಮೇಲೆ ಹೆಣ್ಣು ಜೇನು ಮಣ್ಣಿನ ಕೋಣೆಯಲ್ಲಿ ಜೇನುತುಪ್ಪ ತುಂಬಿ, ಅದರ ಮೇಲೆ ತೇಲುವಂತೆ ಒಂದು ಮೊಟ್ಟೆ ಇಡುವ ಗಳಿಗೆಯಲ್ಲಿ, ಮರಿ ನೇರವಾಗಿ ಆ ಮೊಟ್ಟೆಯ ಮೇಲೇ ಇಳಿಯಬೇಕು. ತುಸು ಆಚೀಚೆಯಾಗಿ ಜೇನಿನಲ್ಲಿ ಬಿದ್ದರೆ ಮುಳುಗಿ ಸತ್ತಿತು. ಸರಿಯಾಗಿ ಇಳಿದರೆ ಆ ಮೊಟ್ಟೆಯೇ ಅದರ ತೆಪ್ಪ, ಅದೇ ಮೊದಲ ಊಟ. ಎಂಟು ದಿನ ಕೂತು ಮೊಟ್ಟೆಯನ್ನು ತಿಂದು ಮುಗಿಸುತ್ತದೆ. ಆಮೇಲೆ ಚರ್ಮ ಕಳಚಿ, ಜೇನಿನಲ್ಲಿ ತೇಲಬಲ್ಲ, ಜೇನನ್ನೇ ಕುಡಿಯುವ ಬೇರೊಂದು ಆಕಾರದ ಹುಳುವಾಗುತ್ತದೆ.

ಚಿಟ್ಟೆಯ ಮರಿಹುಳು ಹುಟ್ಟಿದಂದಿನಿಂದ ಗೂಡು ಕಟ್ಟುವವರೆಗೆ ಮರಿಹುಳುವಿನ ರೂಪದಲ್ಲೇ ಇರುತ್ತದೆ. ಗುಳ್ಳೆ ದುಂಬಿಯ ಮರಿ ಹಾಗಲ್ಲ. ಮೊದಲು ಚುರುಕು ಕಾಲುಗಳ ಬೇಟೆಗಾರ, ಆಮೇಲೆ ದಪ್ಪ ಮೈಯ ಸೋಮಾರಿ ಹುಳು, ಅದರಾಚೆ ಕಾಲು ಬಾಯಿಗಳ ಕೆಲಸವೇ ನಿಂತು ಗಟ್ಟಿ ಚರ್ಮದೊಳಗೆ ನಿಶ್ಚಲವಾಗಿ ಬಿದ್ದ ಉಂಡೆ. ಮತ್ತೆ ಅದರೊಳಗಿಂದ ಹುಳುವಾಗಿ, ಕೊನೆಗೆ ಕೋಶ, ಆಮೇಲೆ ದುಂಬಿ. ಫಾಬ್ರ್ 1857ರಲ್ಲಿ ಈ ಬಹುರೂಪವನ್ನು ವಿವರಿಸಿ ಅದಕ್ಕೊಂದು ಹೊಸ ಪಾರಿಭಾಷಿಕ ಪದವನ್ನೇ ಕೊಟ್ಟರು. ಮೊದಲ ಹಂತದ ಮರಿ ಪೂರ್ಣ ದುಂಬಿಯನ್ನು ಎಷ್ಟು ಹೋಲುವುದಿಲ್ಲವೆಂದರೆ, 1828ರಲ್ಲಿ ಲಿಯೋಂ ದ್ಯುಫೂರ್ ಎಂಬ ಫ್ರೆಂಚ್ ವಿದ್ವಾಂಸರು ಜೇನಿನ ಮೈಮೇಲೆ ಅದನ್ನು ಕಂಡು, ಬೇರೆಯೇ ಒಂದು ಪೇನು ಜಾತಿ ಎಂದು ಹೆಸರಿಟ್ಟಿದ್ದರು.

ಜೇನಿನ ದಾರಿ ಹಿಡಿದ ಇನ್ನೊಂದು ಬಗೆಯದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಮೆಲೋಯ್ ಫ್ರಾನ್ಸಿಸ್ಕಾನಸ್ ಎಂಬ ದುಂಬಿ ಇದೆ. ಅದರ ಮರಿಗಳು ಹುಟ್ಟಿದೊಡನೆ ನೂರಿಪ್ಪತ್ತರಿಂದ ಎರಡು ಸಾವಿರದವರೆಗೆ ಒಟ್ಟಾಗಿ ಹುಲ್ಲಿನ ಕಡ್ಡಿಯ ತುದಿಗೆ ಹತ್ತಿ, ಒಂದಕ್ಕೊಂದು ಅಂಟಿಕೊಂಡು ಕಂದು ಮುದ್ದೆಯಾಗುತ್ತವೆ. ದೂರದಿಂದ ನೋಡಿದರೆ ಒಂದು ಹೆಣ್ಣು ಜೇನು ಕೂತಂತೆ. ಮೋಸ ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಮುದ್ದೆ ಹೆಣ್ಣು ಜೇನಿನ ವಾಸನೆಯನ್ನೂ ಹೊರಸೂಸುತ್ತದೆ. ಗಂಡು ಜೇನು ಹಾರಿಬಂದು ಮುದ್ದೆಯನ್ನು ಕೂಡಲು ಹೋದರೆ, ಕ್ಷಣಮಾತ್ರದಲ್ಲಿ ನೂರಾರು ಮರಿಗಳು ಅದರ ಮೈಗೆ ಹತ್ತಿಬಿಡುತ್ತವೆ. ಜಾನ್ ಹಾಫರ್ನಿಕ್ ಮತ್ತು ಲೆಸ್ಲಿ ಸಾಲ್-ಗರ್ಶೆಂಝ್ 2000ನೇ ಇಸವಿಯಲ್ಲಿ ಇದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೊಂದೂ ಮಿಲಿಮೀಟರ್ ಲೆಕ್ಕದ ಮರಿಗಳು ಸೇರಿ ಇನ್ನೊಂದು ಪ್ರಾಣಿಯ ರೂಪವನ್ನೂ ಪರಿಮಳವನ್ನೂ ತಾಳುವ ಉದಾಹರಣೆ ಪ್ರಾಣಿಲೋಕದಲ್ಲೇ ಅಪರೂಪ.

ನಮ್ಮ ತೊಗರಿ ಹೊಲದ ದುಂಬಿಯ ಮರಿಗಳು ಜೇನಿನ ಬೆನ್ನು ಹತ್ತುವುದಿಲ್ಲ. ಅವು ಮಣ್ಣಿಗಿಳಿದು ಮಿಡತೆಯ ಮೊಟ್ಟೆ ಹುಡುಕುತ್ತವೆ. ಅಮೆರಿಕದ ಎಪಿಕಾಟ ಜಾತಿಯ ಗುಳ್ಳೆ ದುಂಬಿಗಳದೂ ಇದೇ ಕಸುಬು. ಇದನ್ನು ಪತ್ತೆ ಹಚ್ಚಿದ ಕಾಲದ ಅಂಕಿಗಳು ಈ ಬರಹದಲ್ಲೇ ಅತಿ ದೊಡ್ಡವು.

1875ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ರಾಕಿ ಪರ್ವತದ ಮಿಡತೆಯ ಒಂದು ದಂಡು ಹಾದುಹೋಯಿತು. ಆಲ್ಬರ್ಟ್ ಚೈಲ್ಡ್ ಎಂಬ ವೈದ್ಯರು ತಂತಿ ಕಳಿಸಿ ಊರೂರಿನಿಂದ ಮಾಹಿತಿ ತರಿಸಿ, ಅದು ಹಾರುವ ವೇಗವನ್ನು ಅಂದಾಜು ಮಾಡಿ ಲೆಕ್ಕ ಹಾಕಿದರು. ಅಗಲ 110 ಮೈಲಿ, ಉದ್ದ 1,800 ಮೈಲಿ. ಗುಣಿಸಿದರೆ 1,98,000 ಚದರ ಮೈಲಿ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಅಂದರೆ ಆ ದಂಡಿನ ಹರವು ಎರಡೂವರೆ ಕರ್ನಾಟಕಕ್ಕಿಂತ ಹೆಚ್ಚು. ಅದರಲ್ಲಿದ್ದ ಮಿಡತೆಗಳ ಸಂಖ್ಯೆಯನ್ನು ಮುಂದೆ ಅಂದಾಜು ಮಾಡಿದವರು ಮೂರೂವರೆ ಲಕ್ಷ ಕೋಟಿಯಿಂದ ಹನ್ನೆರಡೂವರೆ ಲಕ್ಷ ಕೋಟಿಯವರೆಗೆ ಹೇಳುತ್ತಾರೆ. ಮೆಕ್ಕೆಜೋಳ, ಗೋಧಿ, ಹುಲ್ಲು ಯಾವುದನ್ನೂ ಅವು ಬಿಡಲಿಲ್ಲ.

ಆ ಸಂಕಟದ ಮಧ್ಯೆ ಕೀಟತಜ್ಞ ಚಾರ್ಲ್ಸ್ ರೈಲಿ ಮಿಡತೆಗಳು ಮಣ್ಣಿನಲ್ಲಿಟ್ಟ ಮೊಟ್ಟೆಗಳನ್ನು ಅಗೆದು ನೋಡತೊಡಗಿದರು. ಅಲ್ಲಿ ಗುಳ್ಳೆ ದುಂಬಿಯ ಮರಿಗಳು ಕೂತು ಮೊಟ್ಟೆ ತಿನ್ನುತ್ತಿದ್ದವು. ಈ ದುಂಬಿಗಳ ಬಾಲ್ಯ ಎಲ್ಲಿ ಕಳೆಯುತ್ತದೆ ಎಂಬ ಪ್ರಶ್ನೆಗೆ 1877ರಲ್ಲಿ ಅವರು ಉತ್ತರ ಬರೆದರು. ಹೆಣ್ಣು ಮಿಡತೆ ಹೊಟ್ಟೆಯ ತುದಿಯನ್ನು ಮಣ್ಣಿಗೆ ಚುಚ್ಚಿ, ನೊರೆಯಂಥ ಅಂಟಿನಲ್ಲಿ ಮೊಟ್ಟೆಗಳನ್ನು ಸುತ್ತಿ ಒಂದು ಗಂಟು ಮಾಡಿಡುತ್ತದೆ. ದುಂಬಿಯ ಮರಿ ಮಣ್ಣಿನ ಬಿರುಕುಗಳಲ್ಲಿ ನುಸುಳಿ ಆ ಗಂಟು ಹುಡುಕಬೇಕು. ಸಕಾಲಕ್ಕೆ ಸಿಗದಿದ್ದರೆ ಹಸಿವಿನಿಂದ ಸಾಯುತ್ತದೆ. ಒಂದೇ ಗಂಟಿಗೆ ಎರಡು ಮರಿ ಬಂದರೆ ಕಾದಾಡಿ ಒಂದೇ ಉಳಿಯುತ್ತದೆ. ಉಳಿದದ್ದು ಬೆಳೆದು ದೊಡ್ಡದಾಗಲು ಇಪ್ಪತ್ತರಿಂದ ಮೂವತ್ತು ಮೊಟ್ಟೆ ಬೇಕು. ಮಿಡತೆ ಹೆಚ್ಚಾದ ವರ್ಷದ ಮರುವರ್ಷ ಗುಳ್ಳೆ ದುಂಬಿ ಹೆಚ್ಚುವುದು ಇದೇ ಕಾರಣಕ್ಕೆ. ಹೂ ತಿಂದು ನಷ್ಟ ಮಾಡುವ ನೂರು ದುಂಬಿ ಹೊಲದಲ್ಲಿ ಕಂಡರೆ, ಅವು ಬಾಲ್ಯದಲ್ಲಿ ಎರಡು ಮೂರು ಸಾವಿರ ಮಿಡತೆಗಳನ್ನು ಮೊಟ್ಟೆಯಲ್ಲೇ ಮುಗಿಸಿ ಬಂದಿವೆ ಎಂದು ಲೆಕ್ಕ. ಈ ಲೆಕ್ಕವನ್ನು ರೈತರಿಗೆ ಯಾರೂ ಕೊಡುವುದಿಲ್ಲ ಎಂಬುದು ನನ್ನ ಬೇಸರ.

ರಾಕಿ ಪರ್ವತದ ಆ ಮಿಡತೆ 1902ರ ನಂತರ ಜೀವಂತವಾಗಿ ಯಾರಿಗೂ ಸಿಕ್ಕಿಲ್ಲ. ಲಕ್ಷ ಕೋಟಿಗಳಲ್ಲಿ ಎಣಿಸಿದ ಪ್ರಾಣಿ ಮೂವತ್ತು ವರ್ಷದೊಳಗೆ ಸೊನ್ನೆಯಾಯಿತು. ಅದಕ್ಕೆ ಕಾರಣ ದುಂಬಿಯಲ್ಲ. ಮಿಡತೆಗಳು ಮೊಟ್ಟೆಯಿಡುತ್ತಿದ್ದ ನದಿಬಯಲುಗಳನ್ನು ಜನ ಉತ್ತು ಬಿತ್ತಿದ್ದೇ ಮುಖ್ಯ ಕಾರಣ ಎನ್ನುತ್ತಾರೆ. ಅದರ ಮೊಟ್ಟೆ ತಿಂದು ಬೆಳೆಯುತ್ತಿದ್ದ ದುಂಬಿಗಳು ಮಾತ್ರ ಬೇರೆ ಮಿಡತೆಗಳನ್ನು ನೆಚ್ಚಿಕೊಂಡು ಇವತ್ತಿಗೂ ಇವೆ.

ಇನ್ನು ಅತಿ ಚಿಕ್ಕ ಅಂಕಿಗಳ ಕಡೆಗೆ. ಈ ದುಂಬಿಯನ್ನು ಮುಟ್ಟಿದರೆ ಕಾಲಿನ ಗೆಣ್ಣುಗಳಿಂದ ಹಳದಿ ದ್ರವ ಒಸರುತ್ತದೆ. ಅದು ಅದರ ರಕ್ತವೇ. ಅದರಲ್ಲಿ ಕ್ಯಾಂಥರಿಡಿನ್ ಎಂಬ ವಿಷವಿದೆ. 1810ರಲ್ಲಿ ಫ್ರಾನ್ಸಿನ ಪಿಯರ್ ರೋಬಿಕೆ ಇದನ್ನು ಮೊದಲ ಬಾರಿಗೆ ಬೇರ್ಪಡಿಸಿದರು. ಮುಂದೆ 1832ರಲ್ಲಿ ಅಫೀಮಿನಿಂದ ಕೊಡೀನ್ ತೆಗೆದವರೂ ಇವರೇ. ಹತ್ತು ಇಂಗಾಲ, ಹನ್ನೆರಡು ಜಲಜನಕ, ನಾಲ್ಕು ಆಮ್ಲಜನಕ, ಒಟ್ಟು ಇಪ್ಪತ್ತಾರು ಪರಮಾಣುಗಳ ಸಣ್ಣ ಅಣು. ಆದರೆ ಇದನ್ನು ಪ್ರಯೋಗಾಲಯದಲ್ಲಿ ಕಟ್ಟುವುದು ರಸಾಯನಶಾಸ್ತ್ರಜ್ಞರಿಗೆ ದಶಕಗಳ ಕಾಲ ಕಗ್ಗಂಟಾಗಿತ್ತು. 1951ರಲ್ಲಿ ಗಿಲ್ಬರ್ಟ್ ಸ್ಟೋರ್ಕ್ ಮತ್ತು ಸಂಗಡಿಗರು ಸುತ್ತುಬಳಸಿನ ದಾರಿಯಲ್ಲಿ ಕಟ್ಟಿದರು. 1980ರಲ್ಲಿ ವಿಲಿಯಂ ಡಾಬೆನ್ ಅವರ ತಂಡಕ್ಕೆ ನೇರ ದಾರಿ ದಕ್ಕಿತು. ಅದಕ್ಕೆ ಅವರು ಹಾಕಬೇಕಾಗಿ ಬಂದ ಒತ್ತಡ 15 ಕಿಲೋಬಾರ್, ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು ಹದಿನೈದು ಸಾವಿರ ಪಟ್ಟು. ಅದೇ ಅಣುವನ್ನು ಗಂಡು ದುಂಬಿ ಬೆಂಡೆ ಹೂವಿನ ಮೇಲೆ ಕೂತು, ಹೊಲದ ಬಿಸಿಲಿನಲ್ಲಿ, ತನ್ನ ಮೈಯೊಳಗೇ ಕಟ್ಟುತ್ತದೆ. ಹದಿನೈದು ಇಂಗಾಲದ ಒಂದು ಸರಪಳಿಯಿಂದ ಐದನ್ನು ಕಳಚಿ ಹತ್ತಕ್ಕೆ ಇಳಿಸುವುದು ಅದರ ವಿಧಾನ.

ಗಂಡು ಕೂಡುವಾಗ ಈ ವಿಷವನ್ನು ಹೆಣ್ಣಿಗೆ ಕೊಡುತ್ತದೆ. ಹೆಣ್ಣು ಅದನ್ನು ಮೊಟ್ಟೆಗಳಿಗೆ ಲೇಪಿಸುತ್ತದೆ. ಆ ಸಾವಿರಾರು ಮೊಟ್ಟೆಗಳಿಗೆ ಅಪ್ಪ ಬಿಟ್ಟುಹೋಗುವ ಆಸ್ತಿ ಇಷ್ಟೇ.

ಎಷ್ಟು ವಿಷ? ಒಂದು ದುಂಬಿಯಲ್ಲಿ ಜಾತಿಗೆ ತಕ್ಕಂತೆ ಮಿಲಿಗ್ರಾಮಿನ ಒಂದು ಭಾಗದಿಂದ ನಾಲ್ಕೈದು ಮಿಲಿಗ್ರಾಂವರೆಗೆ. ಹತ್ತು ಮಿಲಿಗ್ರಾಮಿನಷ್ಟು ಹೊಟ್ಟೆಗೆ ಹೋಗಿಯೂ ಮನುಷ್ಯರು ಸತ್ತಿದ್ದಾರೆ. ಹತ್ತು ಮಿಲಿಗ್ರಾಂ ಎಂದರೆ ಸಾರಿಗೆ ಹಾಕುವ ಒಂದು ಚಿಟಿಕೆ ಉಪ್ಪಿನ ಮೂವತ್ತರಲ್ಲಿ ಒಂದು ಪಾಲು. ಕುದುರೆಗೆ ಮೈತೂಕದ ಒಂದು ಕಿಲೋಗೆ ಒಂದು ಮಿಲಿಗ್ರಾಂ ಸಾಕು. 450 ಕಿಲೋ ತೂಗುವ ಕುದುರೆಯನ್ನು ಕೊಲ್ಲಲು, ವಿಷ ಹೆಚ್ಚಿರುವ ಜಾತಿಯಾದರೆ, ಸುಮಾರು ನೂರು ದುಂಬಿ. ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದಲ್ಲಿ ಕುದುರೆ ಮೆಂತ್ಯದ ಹೊಲದಲ್ಲಿ ಈ ದುಂಬಿಗಳು ಒಂದೆಡೆ ಗುಂಪುಗೂಡಿ ಮೇಯುತ್ತಿರುವಾಗ, ಕೊಯ್ದು ದಂಟು ಜಜ್ಜುವ ಯಂತ್ರ ಅವನ್ನೂ ಸೇರಿಸಿ ಅರೆದು ಹೊರೆ ಕಟ್ಟುತ್ತದೆ. ಒಣಗಿಸಿದರೂ ವಿಷ ಇಳಿಯುವುದಿಲ್ಲ. ತಿಂಗಳುಗಳ ನಂತರ ಆ ಹೊರೆಯ ಮೇವು ತಿಂದ ಕುದುರೆ ಹೊಟ್ಟೆಶೂಲೆಯಿಂದ ನರಳಿ ಸಾಯುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೈನಿಕರು ಕಪ್ಪೆ ತಿಂದು ಕಾಯಿಲೆ ಬಿದ್ದದ್ದೂ ಇದರಿಂದಲೇ. ಕಪ್ಪೆಗಳು ಗುಳ್ಳೆ ದುಂಬಿ ತಿಂದಿದ್ದವು, ಕಪ್ಪೆಗಳಿಗೆ ಏನೂ ಆಗಿರಲಿಲ್ಲ. 1990ರಲ್ಲಿ ಥಾಮಸ್ ಐಸ್ನರ್ ಮತ್ತು ಸಂಗಡಿಗರು ಕಪ್ಪೆಗಳಿಗೆ ಈ ದುಂಬಿ ತಿನ್ನಿಸಿ, ವಿಷ ಅವುಗಳ ಮೈಯಲ್ಲಿ ಉಳಿಯುವುದನ್ನು ತೋರಿಸಿದರು.

ಸ್ಪ್ಯಾನಿಷ್ ಫ್ಲೈ ಎಂಬ ಹೆಸರಿನಲ್ಲಿ ಕಾಮೋತ್ತೇಜಕವೆಂದು ಶತಮಾನಗಳ ಕಾಲ ಜನರಿಗೆ ಕುಡಿಸಿದ್ದು ಈ ಕುಟುಂಬದ ಒಂದು ಹಸಿರು ದುಂಬಿಯ ಪುಡಿಯನ್ನೇ. ಅದು ಮಾಡುವುದು ಮೂತ್ರನಾಳವನ್ನು ಸುಡುವ ಕೆಲಸ. ಆಮೇಲೆ ಮೂತ್ರಪಿಂಡ ಕೆಡುತ್ತದೆ, ಜೀವವೂ ಹೋಗುತ್ತದೆ. ಇದನ್ನು ಮದ್ದು ಎಂದು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ವೈದ್ಯರ ಕೈಯಲ್ಲಿ ಮಾತ್ರ ಇದಕ್ಕೊಂದು ಒಳ್ಳೆಯ ಉಪಯೋಗವಿದೆ. ಮಕ್ಕಳ ಚರ್ಮದಲ್ಲಿ ಏಳುವ ಮೊಲಸ್ಕಮ್ ಎಂಬ ವೈರಸ್ ಗಂಟುಗಳಿಗೆ ಹಚ್ಚಲು 0.7 ಶೇಕಡಾ ಕ್ಯಾಂಥರಿಡಿನ್ ದ್ರಾವಣಕ್ಕೆ ಅಮೆರಿಕದ ಔಷಧ ಆಡಳಿತ 2023ರಲ್ಲಿ ಒಪ್ಪಿಗೆ ಕೊಟ್ಟಿತು.

ಚರ್ಮಕ್ಕೆ ತಗುಲಿದರೆ ಆಗುವುದು ಇಷ್ಟು: ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಬೆಸುಗೆ ಸಡಿಲಗೊಂಡು, ನಡುವೆ ನೀರು ತುಂಬಿ ಕೆಲವು ಗಂಟೆಗಳಲ್ಲಿ ಗುಳ್ಳೆ ಏಳುತ್ತದೆ. ಇದು ಚರ್ಮದ ಮೇಲ್ಪದರಕ್ಕೇ ಸೀಮಿತ, ಆದ್ದರಿಂದ ಸಾಮಾನ್ಯವಾಗಿ ಕಲೆ ಉಳಿಯದೆ ವಾಸಿಯಾಗುತ್ತದೆ. ದುಂಬಿ ಮೈಮೇಲೆ ಕೂತರೆ ಹೊಡೆಯಬೇಡಿ, ಉಜ್ಜಬೇಡಿ. ಊದಿ ಹಾರಿಸಿ. ದ್ರವ ತಾಗಿದ್ದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಗುಳ್ಳೆ ಒಡೆಯಬೇಡಿ. ಮಗು ದುಂಬಿಯನ್ನು ಬಾಯಿಗೆ ಹಾಕಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಒಂದು ಗೊಂದಲ ಇಲ್ಲೇ ಬಗೆಹರಿಸಬೇಕು. ಮಳೆಗಾಲದಲ್ಲಿ ಹಾಸ್ಟೆಲುಗಳಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಮಲಗಿದವರ ಕತ್ತು ಕೆನ್ನೆಗಳ ಮೇಲೆ ಬರೆ ಎಳೆದಂತೆ ಉರಿಯುವ ಗಾಯ ಏಳುತ್ತದಲ್ಲ, ಅದು ಗುಳ್ಳೆ ದುಂಬಿಯ ಕೆಲಸವಲ್ಲ. ಅದು ಜನ ಆ್ಯಸಿಡ್ ಫ್ಲೈ ಎನ್ನುವ ಪೆಡೆರಸ್. ಏಳರಿಂದ ಹತ್ತು ಮಿಲಿಮೀಟರ್ ಉದ್ದ, ಇರುವೆಯಂಥ ಮೈ, ಕಿತ್ತಳೆ ಕಪ್ಪು ಪಟ್ಟೆ, ನಡುವೆ ನೀಲಿ ಹೊಳಪಿನ ಗಿಡ್ಡ ರೆಕ್ಕೆ. ಅದರ ವಿಷವೂ ಬೇರೆ. ಅದನ್ನು ತಯಾರಿಸುವುದು ಅದರ ಮೈಯೊಳಗಿನ ಬ್ಯಾಕ್ಟೀರಿಯಾ. ಎರಡೂ ದುಂಬಿಗಳೇ, ಆದರೆ ಸಂಬಂಧ ದೂರದ್ದು. ತೊಳೆಯುವ ಚಿಕಿತ್ಸೆ ಮಾತ್ರ ಎರಡಕ್ಕೂ ಒಂದೇ.

ಕೊನೆಗೆ ಹೊಲದ ಪ್ರಶ್ನೆ. ಹೂವಿನ ಮೇಲೆ ದುಂಬಿ ಕಂಡೊಡನೆ ಔಷಧಿ ಅಂಗಡಿಗೆ ಓಡಬೇಕೇ? ತೊಗರಿ ಗಿಡ ಯಾವ ಹುಳು ತಿನ್ನದಿದ್ದರೂ ತಾನು ಬಿಟ್ಟ ಹೂಗಳಲ್ಲಿ ಹತ್ತಕ್ಕೆ ಏಳೆಂಟನ್ನು ತಾನಾಗಿಯೇ ಉದುರಿಸುತ್ತದೆ. ಒಂದಷ್ಟು ಹೂ ಹೋದರೆ ಇನ್ನೊಂದಷ್ಟು ಬಿಟ್ಟು ಸರಿದೂಗಿಸಿಕೊಳ್ಳುತ್ತದೆ. ದೊಡ್ಡ ತೊಗರಿ ಹೊಲದ ಅಂಚಿನಲ್ಲಿ ಅಲ್ಲಲ್ಲಿ ಕೂತ ದುಂಬಿಗಳಿಂದ ಆಗುವ ನಷ್ಟ ಎಷ್ಟೋ ಸಲ ಸಿಂಪಡಣೆಯ ಖರ್ಚಿಗಿಂತ ಕಡಿಮೆ. ಹೆಸರು, ಅಲಸಂದೆ, ಬೆಂಡೆಯ ಸಣ್ಣ ಮಡಿಗಳಲ್ಲಿ ಮಾತ್ರ ಪೆಟ್ಟು ಜೋರು, ಅಲ್ಲಿ ಸುಮ್ಮನಿರಲಾಗದು. ಹೂ ಬಿಟ್ಟ ಹೊಲಕ್ಕೆ ಸಿಂಪಡಿಸಿದ ವಿಷ ಜೇನುನೊಣಗಳನ್ನೂ ಕೊಲ್ಲುತ್ತದೆ ಎಂಬುದನ್ನು ಮರೆಯಬೇಡಿ. ಬೆಳಗಿನ ತಂಪಿನಲ್ಲಿ ಈ ದುಂಬಿಗಳು ಜಡವಾಗಿರುತ್ತವೆ, ಹಾರುವುದಿಲ್ಲ. ಕೈಗವಸು ಹಾಕಿಕೊಂಡು, ಬಲೆಯಲ್ಲಿ ಹಿಡಿದು ಅಥವಾ ಗಿಡ ಅಲುಗಿಸಿ, ಸೋಪು ನೀರಿನ ಬಕೆಟ್ಟಿಗೆ ಬೀಳಿಸಿ. ಬರಿಗೈಯಲ್ಲಿ ಹಿಡಿಯಬೇಡಿ, ಆಳುಗಳ ಕೈಯಲ್ಲೂ ಹಿಡಿಸಬೇಡಿ. ದನಕ್ಕೆ ಮೇವು ಕೊಯ್ಯುವಾಗ ದುಂಬಿ ಗುಂಪಾಗಿ ಕೂತ ಜಾಗವನ್ನು ಬಿಟ್ಟು ಕೊಯ್ಯಿರಿ. ಹೊಲದಲ್ಲಿ ಬೆರಳೆಣಿಕೆಯಷ್ಟೇ ಇದ್ದರೆ ಬಿಟ್ಟುಬಿಡಿ, ಅವುಗಳ ಮರಿಗಳು ಮುಂದಿನ ವರ್ಷದ ಮಿಡತೆಗಳ ಮೊಟ್ಟೆ ಹುಡುಕಲು ನಿಮ್ಮದೇ ಬದುವಿನ ಮಣ್ಣಿಗೆ ಇಳಿಯುತ್ತವೆ.